ಧ್ರುವ ತಪ್ಪಿದ ಬ್ಯಾಟರಿ: ಕ್ಯಾಂಪರ್ ವಾಹನದ ವಿದ್ಯುತ್ ದುರಸ್ತಿ

ಅಮೆರಿಕ ಮತ್ತು ಕೆನಡಾಗಳಲ್ಲಿ ಕಾರು ಅಥವಾ ಪಿಕಪ್ ಟ್ರಕ್ಕಿನ ಹಿಂದೆ ಕಟ್ಟಿ ಎಳೆದೊಯ್ಯುವ, ಹಾಸಿಗೆ, ಗ್ಯಾಸ್ ಒಲೆ, ಫ್ರಿಜ್, ಸ್ನಾನಕ್ಕೆ ಬಿಸಿನೀರು ಎಲ್ಲವನ್ನೂ ಒಳಗೊಂಡ ಗಾಲಿಯ ಮೇಲಿನ ಮನೆಯನ್ನು ಕ್ಯಾಂಪರ್ ಎಂದು ಕರೆಯುತ್ತಾರೆ. ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಪ್ರದೇಶ ಈ ವಾಹನಗಳ ತಯಾರಿಕೆಗೆ ಹೆಸರಾದದ್ದು. ಇಂತಹ ವಾಹನದೊಳಗೆ ಎರಡು ಬಗೆಯ ವಿದ್ಯುತ್ ವ್ಯವಸ್ಥೆಗಳು ಅಕ್ಕಪಕ್ಕದಲ್ಲಿಯೇ ಇರುತ್ತವೆ: ಶಿಬಿರತಾಣದ ಕಂಬದಿಂದ ಕೇಬಲ್ ಮೂಲಕ ಬರುವ 120 ವೋಲ್ಟಿನ ಪರ್ಯಾಯ ವಿದ್ಯುತ್ ಒಂದು, ವಾಹನದ ಮುಂಭಾಗದ ಎಳೆಗೊಕ್ಕೆಯ ಬಳಿ ಕೂರಿಸಿದ ಬ್ಯಾಟರಿಯಿಂದ ಬರುವ 12 ವೋಲ್ಟಿನ ನೇರ ವಿದ್ಯುತ್ ಇನ್ನೊಂದು. ಹವಾನಿಯಂತ್ರಕ, ಮೈಕ್ರೋವೇವ್ ಒಲೆಯಂತಹ ಹೆಚ್ಚು ಶಕ್ತಿ ಬೇಡುವ ಉಪಕರಣಗಳಷ್ಟೇ ಮೊದಲನೆಯದನ್ನು ಅವಲಂಬಿಸಿರುತ್ತವೆ. ದೀಪಗಳು, ನೀರಿನ ಪಂಪು, ಕೊಠಡಿ ಬೆಚ್ಚಗಾಗಿಸುವ ಫರ್ನೇಸಿನ ಫ್ಯಾನು, ಗ್ಯಾಸ್ ಫ್ರಿಜ್ಜಿನ ಮತ್ತು ವಾಟರ್ ಹೀಟರಿನ ನಿಯಂತ್ರಣ ಫಲಕಗಳು, ಗ್ಯಾಸ್ ಸೋರಿಕೆಯನ್ನು ಎಚ್ಚರಿಸುವ ಅಲಾರಾಂ ಇವೆಲ್ಲವೂ ಎರಡನೆಯದರಿಂದಲೇ ನಡೆಯುತ್ತವೆ. ಆದ್ದರಿಂದ ಬ್ಯಾಟರಿಯ ಎರಡು ಟರ್ಮಿನಲ್‌ಗಳಲ್ಲಿ ತಂತಿಗಳನ್ನು ಅದಲುಬದಲು ಮಾಡಿದಾಗ, ಆ ಒಂದು ತಪ್ಪಿನ ಪರಿಣಾಮ ವಾಹನದ ಬಹುತೇಕ ಎಲ್ಲ ಉಪಕರಣಗಳ ಬಾಗಿಲಿಗೂ ಒಮ್ಮೆಲೇ ಹೋಗಿ ತಲುಪುತ್ತದೆ.

ಈ ತಪ್ಪು ನಡೆದಾಗ ಸಾಮಾನ್ಯವಾಗಿ ಕಾಣುವುದು ಒಂದು ಕಿಡಿ, ಒಂದು ಚಟ್ ಎಂಬ ಸದ್ದು, ಆಮೇಲೆ ಸಂಪೂರ್ಣ ನಿಶ್ಚಲತೆ. ವಾಹನದ ವೈರಿಂಗ್ ಪೂರ್ತಿ ಸುಟ್ಟುಹೋಯಿತೆಂದು ಮಾಲೀಕರು ಗಾಬರಿಯಾಗುವುದು ಸಹಜವಾದರೂ ಹೆಚ್ಚಿನ ಸಂದರ್ಭಗಳಲ್ಲಿ ಆ ಗಾಬರಿಗೆ ತಕ್ಕಷ್ಟು ಹಾನಿ ಆಗಿರುವುದಿಲ್ಲ. ಏಕೆಂದರೆ ಮನುಷ್ಯರು ಈ ತಪ್ಪು ಮಾಡಿಯೇ ಮಾಡುತ್ತಾರೆಂಬುದನ್ನು ಮೊದಲೇ ಊಹಿಸಿ, ತಾನು ಸತ್ತು ಉಳಿದವುಗಳನ್ನು ಬದುಕಿಸುವ ಒಂದು ಸಣ್ಣ ಭಾಗವನ್ನು ತಯಾರಕರು ದಾರಿಯಲ್ಲಿಯೇ ಇಟ್ಟಿರುತ್ತಾರೆ. ಅದು ಹೇಗೆ ಕೆಲಸ ಮಾಡುತ್ತದೆಂದು ತಿಳಿದವರಿಗೆ ದುರಸ್ತಿಯ ಅರ್ಧ ದಾರಿ ತಾನಾಗಿಯೇ ತೆರೆದುಕೊಳ್ಳುತ್ತದೆ.

ಫ್ರೆಂಚ್ ವಿಜ್ಞಾನಿ ಗಾಸ್ಟನ್ ಪ್ಲಾಂಟೆ 1859ರಲ್ಲಿ ರೂಪಿಸಿದ ಸೀಸ-ಆಮ್ಲ ಬ್ಯಾಟರಿಯ ವಂಶಕ್ಕೆ ಸೇರಿದವೇ ಇಂದಿನ ಬಹುಪಾಲು ಕ್ಯಾಂಪರ್ ಬ್ಯಾಟರಿಗಳು. ಪ್ರತಿಯೊಂದೂ ಸುಮಾರು 2.1 ವೋಲ್ಟ್ ನೀಡುವ ಆರು ಸೆಲ್‌ಗಳನ್ನು ಸಾಲಾಗಿ ಜೋಡಿಸಿದಾಗ, ಪೂರ್ಣ ಚಾರ್ಜ್ ಆದ ಬ್ಯಾಟರಿಯಲ್ಲಿ ಸುಮಾರು 12.6 ವೋಲ್ಟ್ ಸಿಗುತ್ತದೆ. ಈ ವೋಲ್ಟೇಜು ಕೈಗೆ ತಗುಲಿದರೆ ಅರಿವಿಗೆ ಬಾರದಷ್ಟು ಸಣ್ಣದು. ಆದರೆ ಬ್ಯಾಟರಿಯ ಒಳರೋಧ, ಅಂದರೆ ತನ್ನೊಳಗಿಂದ ಹರಿಯುವ ವಿದ್ಯುತ್ತಿಗೆ ಅದೇ ಒಡ್ಡುವ ತಡೆ, ಒಂದು ಓಮಿನ ಕೆಲವು ಸಾವಿರದ ಒಂದಂಶಗಳಷ್ಟು ಮಾತ್ರ ಇರುವುದರಿಂದ, ತಡೆಯಿಲ್ಲದ ದಾರಿಯೊಂದು ಸಿಕ್ಕಿತೆಂದರೆ ನೂರಾರು ಆಂಪಿಯರ್ ವಿದ್ಯುತ್ತು ಕ್ಷಣಾರ್ಧದಲ್ಲಿ ನುಗ್ಗಿಬರುತ್ತದೆ. ತಂತಿಯ ಹೊದಿಕೆಯನ್ನು ಕರಗಿಸಲು, ಸ್ಪ್ಯಾನರನ್ನು ಟರ್ಮಿನಲ್‌ಗೆ ಬೆಸೆಯಲು ಅಷ್ಟು ಸಾಕು.

ಅಂತಹ ದಾರಿಯನ್ನು ಬೇಕೆಂದೇ ತೆರೆಯುವುದು ಡಯೋಡ್ ಎಂಬ ಅರೆವಾಹಕ ಸಾಧನ. ಬಾವಿಯ ಪಂಪಿನ ಫುಟ್‌ವಾಲ್ವು ನೀರನ್ನು ಮೇಲಕ್ಕೆ ಬಿಟ್ಟು ಕೆಳಕ್ಕೆ ಇಳಿಯಗೊಡದಂತೆ, ಡಯೋಡು ವಿದ್ಯುತ್ತನ್ನು ಒಂದೇ ದಿಕ್ಕಿನಲ್ಲಿ ಹರಿಯಗೊಡುತ್ತದೆ. ಕ್ಯಾಂಪರಿನ ವಿತರಣಾ ಫಲಕದಲ್ಲಿ ಪಾಸಿಟಿವ್ ಮತ್ತು ನೆಗೆಟಿವ್ ತಂತಿಗಳ ನಡುವೆ ಇದನ್ನು ಅಡ್ಡಲಾಗಿ ಜೋಡಿಸಿರುತ್ತಾರೆ: ಬ್ಯಾಟರಿ ಸರಿಯಾಗಿರುವವರೆಗೆ ಅದರ ಮೂಲಕ ಏನೂ ಹರಿಯದು, ಅದು ಇದ್ದೂ ಇಲ್ಲದಂತೆ. ಬ್ಯಾಟರಿ ತಿರುವುಮುರುವಾದ ತಕ್ಷಣ ಡಯೋಡು ಪೂರ್ತಿ ತೆರೆದುಕೊಂಡು ಭಾರಿ ವಿದ್ಯುತ್ತನ್ನು ಎಳೆಯುತ್ತದೆ, ಆ ಹೊಡೆತಕ್ಕೆ ದಾರಿಯಲ್ಲಿರುವ ಫ್ಯೂಸು ಕರಗಿ ಸಂಪರ್ಕ ಕಡಿಯುತ್ತದೆ. ಅಷ್ಟರವರೆಗೆ ಅದರ ಹಿಂದಿನ ಮಂಡಲಕ್ಕೆ ತಲುಪುವ ಉಲ್ಟಾ ವೋಲ್ಟೇಜು ಒಂದು ವೋಲ್ಟಿನ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ಈ ಕೆಲಸಕ್ಕೆಂದೇ ಇರುವ ಫ್ಯೂಸುಗಳನ್ನು ರಿವರ್ಸ್ ಪೋಲಾರಿಟಿ ಫ್ಯೂಸುಗಳೆಂದು ಕರೆಯುತ್ತಾರೆ. ಸಾಮಾನ್ಯವಾಗಿ 30 ಅಥವಾ 40 ಆಂಪಿಯರಿನ ಎರಡು ಬ್ಲೇಡ್ ಫ್ಯೂಸುಗಳು, ಉಳಿದ ಸಣ್ಣ ಫ್ಯೂಸುಗಳ ಸಾಲಿನಿಂದ ತುಸು ದೂರದಲ್ಲಿ, ಫಲಕದ ಒಂದು ಮೂಲೆಯಲ್ಲಿ ಇರುತ್ತವೆ. 30 ಆಂಪಿಯರಿನದು ಹಸಿರು, 40 ಆಂಪಿಯರಿನದು ಕಿತ್ತಳೆ ಬಣ್ಣದ್ದು.

ತಪ್ಪು ಏಕೆ ಇಷ್ಟು ಸುಲಭವಾಗಿ ನಡೆಯುತ್ತದೆ ಎಂಬ ಪ್ರಶ್ನೆಗೆ ಅಜಾಗರೂಕತೆ ಎಂಬ ಒಂದೇ ಪದದ ಉತ್ತರ ಸಾಲದು. ಕಾರುಗಳಲ್ಲಿ ಕೆಂಪು ತಂತಿ ಪಾಸಿಟಿವ್, ಕಪ್ಪು ತಂತಿ ನೆಗೆಟಿವ್ ಎಂಬುದು ಲೋಕರೂಢಿ. ಆದರೆ ಅಮೆರಿಕದ ಮನೆಗಳ ವೈರಿಂಗಿನಲ್ಲಿ ಕಪ್ಪು ಎಂದರೆ ವಿದ್ಯುತ್ ಇರುವ ತಂತಿ, ಬಿಳಿ ಎಂದರೆ ನ್ಯೂಟ್ರಲ್. ಮನೆಯೂ ವಾಹನವೂ ಆಗಿರುವ ಕ್ಯಾಂಪರಿನಲ್ಲಿ ತಯಾರಕರು 12 ವೋಲ್ಟಿನ ವ್ಯವಸ್ಥೆಗೂ ಬಹುಮಟ್ಟಿಗೆ ಈ ಮನೆಯ ರೂಢಿಯನ್ನೇ ತಂದುದರಿಂದ, ಅಲ್ಲಿ ಕಪ್ಪು ಪಾಸಿಟಿವ್, ಬಿಳಿ ನೆಗೆಟಿವ್ ಆಯಿತು. ಕಾರಿನ ಅಭ್ಯಾಸವಿರುವ ಯಾರೇ ಆಗಲಿ, ಕಪ್ಪು ತಂತಿಯನ್ನು ಯೋಚಿಸದೆಯೇ ನೆಗೆಟಿವ್ ಟರ್ಮಿನಲ್‌ಗೆ ಹಿಡಿಯುತ್ತಾರೆ. ಭಾರತದಿಂದ ಹೋಗಿ ಅಲ್ಲಿ ನೆಲೆಸಿದ ಕನ್ನಡಿಗರಿಗಂತೂ ಗೊಂದಲ ಇಮ್ಮಡಿ: ನಮ್ಮ ಮನೆಗಳ ವೈರಿಂಗಿನಲ್ಲಿ ಕಪ್ಪು ತಂತಿ ನ್ಯೂಟ್ರಲ್, ಇನ್ವರ್ಟರ್ ಬ್ಯಾಟರಿಯಲ್ಲಿಯೂ ಕಪ್ಪು ಎಂದರೆ ನೆಗೆಟಿವ್, ಎರಡೂ ಕಡೆಯ ಅನುಭವ ಒಂದೇ ತಪ್ಪಿನತ್ತ ಕೈಹಿಡಿದು ನಡೆಸುತ್ತದೆ. ಇಂತಹ ವಿನ್ಯಾಸವನ್ನು ದಶಕಗಳ ಕಾಲ ಹಾಗೆಯೇ ಬಿಟ್ಟು, ತಪ್ಪಿನ ಹೊಣೆಯನ್ನು ಬಳಕೆದಾರನ ಮೇಲೆ ಮಾತ್ರ ಹೊರಿಸುವುದು ನ್ಯಾಯವಲ್ಲ.

ಬಣ್ಣದ ಗೊಂದಲದ ಜೊತೆಗೆ ಆಕಾರದ ಸಮಸ್ಯೆಯೂ ಇದೆ. ಕಾರಿನ ಬ್ಯಾಟರಿಯಲ್ಲಿ ಪಾಸಿಟಿವ್ ಕಂಬ ನೆಗೆಟಿವ್ ಕಂಬಕ್ಕಿಂತ ಸ್ವಲ್ಪ ದಪ್ಪಗಿರುವುದರಿಂದ ತಪ್ಪು ಕ್ಲ್ಯಾಂಪು ಸರಿಯಾಗಿ ಕೂರದೆ ಎಚ್ಚರಿಕೆ ಸಿಗುತ್ತದೆ. ಕ್ಯಾಂಪರ್ ಬ್ಯಾಟರಿಗಳಲ್ಲಿ ಹೆಚ್ಚಾಗಿ ಇರುವುದು ಬೋಲ್ಟಿನಂತಹ ಕಡ್ಡಿ ಮತ್ತು ರೆಕ್ಕೆಯ ನಟ್ಟು. ತಂತಿಯ ತುದಿಯ ಉಂಗುರದ ತೂತು ದೊಡ್ಡದಿದ್ದರೆ ಅದು ಎರಡು ಕಡ್ಡಿಗಳಿಗೂ ಆರಾಮವಾಗಿ ಇಳಿಯುತ್ತದೆ. ಅಲ್ಲದೆ ಒಂದೇ ಅಳತೆಯ ಬ್ಯಾಟರಿಗಳಲ್ಲಿಯೂ ಟರ್ಮಿನಲ್‌ಗಳ ಎಡಬಲ ಬೇರೆಬೇರೆಯಾಗಿರುವುದುಂಟು. ಗ್ರೂಪ್ 24 ಮತ್ತು ಗ್ರೂಪ್ 24ಎಫ್ ಎಂಬ ಎರಡು ಅಳತೆಗಳ ನಡುವಿನ ಮುಖ್ಯ ವ್ಯತ್ಯಾಸವೇ ಇದು. ಹಳೆಯದರ ಜಾಗದಲ್ಲಿ ಹೊಸದನ್ನು ಇಟ್ಟು, ತಂತಿಗಳು ಮೊದಲು ಬಾಗಿದ್ದ ಕಡೆಗೇ ಬಾಗಿಸಿ ಬಿಗಿದರೆ ಕೆಲಸ ಕೆಟ್ಟಂತೆಯೇ. ಉತ್ತರದ ಚಳಿ ಪ್ರದೇಶಗಳಲ್ಲಿ ಚಾರ್ಜ್ ಇಳಿದ ಬ್ಯಾಟರಿಯೊಳಗಿನ ದ್ರವ ಹೆಪ್ಪುಗಟ್ಟಿ ಪೆಟ್ಟಿಗೆ ಒಡೆಯುವ ಭಯದಿಂದ ಶರತ್ಕಾಲದಲ್ಲಿ ಬ್ಯಾಟರಿಯನ್ನು ಬಿಚ್ಚಿ ಒಳಗಿಟ್ಟು ವಸಂತದಲ್ಲಿ ಮರಳಿ ಜೋಡಿಸುವ ವಾಡಿಕೆ ಇರುವುದರಿಂದ, ಯಾವ ತಂತಿ ಯಾವುದೆಂಬ ನೆನಪು ಮಾಸಲು ಹಲವು ತಿಂಗಳ ಅವಕಾಶ ಪ್ರತಿವರ್ಷವೂ ಸಿಗುತ್ತದೆ.

ಉಲ್ಟಾ ವಿದ್ಯುತ್ತು ಎಲ್ಲ ಉಪಕರಣಗಳನ್ನೂ ಒಂದೇ ರೀತಿ ಕಾಡುವುದಿಲ್ಲ. ತಂತಿ ಕಾಯುವುದರಿಂದ ಬೆಳಗುವ ಹಳೆಯ ಬಲ್ಬುಗಳಿಗೂ ಶಾಖ ಕೊಡುವ ಸುರುಳಿಗಳಿಗೂ ದಿಕ್ಕಿನ ಹಂಗಿಲ್ಲ. ಕಾಯಂ ಅಯಸ್ಕಾಂತವಿರುವ ನೇರ ವಿದ್ಯುತ್ ಮೋಟಾರುಗಳು ಹಿಂದುಮುಂದಾಗಿ ತಿರುಗುತ್ತವೆ, ಅಷ್ಟೆ. ಚಾವಣಿಯ ಫ್ಯಾನು ಗಾಳಿಯನ್ನು ಹೊರಗೆಳೆಯುವ ಬದಲು ಒಳಗೆ ತಳ್ಳುತ್ತದೆ, ಫರ್ನೇಸಿನ ಫ್ಯಾನು ದುರ್ಬಲವಾಗಿ ಬೀಸುವುದರಿಂದ ಗಾಳಿಯ ಹರಿವನ್ನು ನೋಡಿ ಗ್ಯಾಸ್ ಬಿಡುವ ಸ್ವಿಚ್ಚು ಕೂಡಿಕೊಳ್ಳದೆ ಫರ್ನೇಸು ಹೊತ್ತುವುದೇ ಇಲ್ಲ. ಹೊಸ ವಾಹನಗಳ ಎಲ್‌ಇಡಿ ದೀಪಗಳು ಸ್ವತಃ ಡಯೋಡುಗಳಾದ್ದರಿಂದ ಬಹುಮಟ್ಟಿಗೆ ಬೆಳಗದೆ ಸುಮ್ಮನಿರುತ್ತವೆ, ಅಗ್ಗದ ಕೆಲವು ಸತ್ತೂ ಹೋಗಬಹುದು. ನಿಜವಾದ ಅಪಾಯ ಇರುವುದು ಎಲೆಕ್ಟ್ರಾನಿಕ್ ಫಲಕಗಳಿಗೆ. ಅವುಗಳಲ್ಲಿರುವ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಎಂಬ, ವಿದ್ಯುದಾವೇಶವನ್ನು ಹಿಡಿದಿಡುವ ಸಣ್ಣ ಡಬ್ಬಿಗಳು ಉಲ್ಟಾ ವೋಲ್ಟೇಜಿಗೆ ಬಿಸಿಯಾಗಿ ಉಬ್ಬುತ್ತವೆ, ಟ್ರಾನ್ಸಿಸ್ಟರುಗಳು ಒಳಗೊಳಗೇ ಶಾರ್ಟ್ ಆಗುತ್ತವೆ. ತಂತಿಯನ್ನು ಒಂದು ಸಲ ಮುಟ್ಟಿಸಿ ಕಿಡಿ ಕಂಡು ಕೂಡಲೇ ತೆಗೆದದ್ದಕ್ಕೂ, ನಟ್ಟು ಬಿಗಿದು ಹಾಗೆಯೇ ಬಿಟ್ಟದ್ದಕ್ಕೂ ಹಾನಿಯಲ್ಲಿ ಅಪಾರ ಅಂತರವಿರುವುದು ಇದೇ ಕಾರಣಕ್ಕೆ.

ದುರಸ್ತಿಯ ಮೊದಲ ಹೆಜ್ಜೆ ಎಲ್ಲ ವಿದ್ಯುತ್ ಮೂಲಗಳನ್ನೂ ದೂರ ಮಾಡುವುದು. ಶಿಬಿರತಾಣದ ಕೇಬಲ್ಲನ್ನು ಕಿತ್ತು, ಎಳೆಯುವ ವಾಹನಕ್ಕೆ ಹೋಗುವ ಏಳು ಪಿನ್ನಿನ ಪ್ಲಗ್ಗನ್ನು ತೆಗೆದು, ಸೌರ ಫಲಕವಿದ್ದರೆ ಅದನ್ನೂ ಬೇರ್ಪಡಿಸಿ, ಆ ಬಳಿಕ ಬ್ಯಾಟರಿಯ ಎರಡೂ ತಂತಿಗಳನ್ನು ಬಿಚ್ಚಬೇಕು. ಕಂಬದ ಕೇಬಲ್ಲನ್ನು ತೆಗೆಯುವುದನ್ನು ಯಾರೂ ಮರೆಯಬಾರದು, ಏಕೆಂದರೆ ಬಹುಪಾಲು ಕ್ಯಾಂಪರುಗಳಲ್ಲಿ 12 ವೋಲ್ಟಿನ ಫ್ಯೂಸುಗಳೂ ಜೀವ ತೆಗೆಯಬಲ್ಲ 120 ವೋಲ್ಟಿನ ಬ್ರೇಕರುಗಳೂ ಒಂದೇ ಪೆಟ್ಟಿಗೆಯಲ್ಲಿರುತ್ತವೆ. ಚಾರ್ಜ್ ಆಗುವ ಸೀಸ-ಆಮ್ಲ ಬ್ಯಾಟರಿಯಿಂದ ಜಲಜನಕ ಹೊರಬರುತ್ತದೆ, ಗಾಳಿಯಲ್ಲಿ ಅದು ಶೇಕಡಾ 4ರಷ್ಟಾದರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಹಾಗಾಗಿ ಕನ್ನಡಕ ಧರಿಸಿ, ಕೈಯ ಉಂಗುರ ಮತ್ತು ಗಡಿಯಾರ ತೆಗೆದಿಟ್ಟು, ಗಾಳಿಯಾಡುವಲ್ಲಿ ಕೆಲಸ ಮಾಡುವುದು ಉಚಿತ.

ಬಳಿಕ ಬೇಕಾದದ್ದು ವೋಲ್ಟೇಜ್, ವಿದ್ಯುತ್ ಹರಿವು, ರೋಧ ಮೂರನ್ನೂ ಅಳೆಯುವ ಸಾಧಾರಣ ಮಲ್ಟಿಮೀಟರ್. ಅದರ ಕೆಂಪು ಕಡ್ಡಿಯನ್ನು ಬ್ಯಾಟರಿಯ ಪಾಸಿಟಿವ್‌ಗೆ, ಕಪ್ಪು ಕಡ್ಡಿಯನ್ನು ನೆಗೆಟಿವ್‌ಗೆ ಇಟ್ಟಾಗ ಅಂಕಿಯ ಹಿಂದೆ ಕಳೆಯುವ ಚಿಹ್ನೆ ಬಾರದಿದ್ದರೆ ಗುರುತುಗಳು ಸರಿ ಎಂದರ್ಥ. ಕೆಲವು ಗಂಟೆ ವಿಶ್ರಾಂತಿಯ ನಂತರ 12.6ರ ಆಸುಪಾಸು ಇದ್ದರೆ ಬ್ಯಾಟರಿ ತುಂಬಿದೆ, 12.2 ಇದ್ದರೆ ಅರ್ಧದಷ್ಟಿದೆ, ಚಾರ್ಜ್ ಮಾಡಿದ ಮೇಲೂ 10.5ರ ಬಳಿಯೇ ನಿಂತರೆ ಒಂದು ಸೆಲ್ ಸತ್ತಿರುವ ಸಂಭವ ಹೆಚ್ಚು. ಇನ್ನು ವಾಹನದಿಂದ ಬರುವ ತಂತಿಗಳಲ್ಲಿ ಯಾವುದು ಯಾವುದೆಂದು ನಿರ್ಧರಿಸುವಾಗ ಬಣ್ಣವನ್ನು ನಂಬುವಂತಿಲ್ಲ. ಕ್ಯಾಂಪರಿನ ಉಕ್ಕಿನ ಚೌಕಟ್ಟಿಗೆ ಬೋಲ್ಟ್ ಮಾಡಿರುವ ತಂತಿ ನೆಗೆಟಿವ್. ಮಲ್ಟಿಮೀಟರನ್ನು ಸಂಪರ್ಕ ಪರೀಕ್ಷೆಯ ಸ್ಥಾನಕ್ಕೆ ತಿರುಗಿಸಿ, ಒಂದು ಕಡ್ಡಿಯನ್ನು ಬಣ್ಣ ಕೆರೆದ ಚೌಕಟ್ಟಿಗೂ ಇನ್ನೊಂದನ್ನು ತಂತಿಯ ತುದಿಗೂ ಮುಟ್ಟಿಸಿದಾಗ ಸದ್ದು ಬಂದರೆ ಅನುಮಾನ ಮುಗಿಯಿತು. ಡಯೋಡು ಶಾರ್ಟ್ ಆಗಿರುವ ವಾಹನದಲ್ಲಿ ಎರಡೂ ತಂತಿಗಳು ಸದ್ದು ಮಾಡಬಹುದಾದ್ದರಿಂದ, ತಂತಿ ಹೋಗುವ ದಾರಿಯನ್ನು ಕಣ್ಣಾರೆ ಹಿಂಬಾಲಿಸುವುದು ಇನ್ನೂ ಖಚಿತವಾದ ಉಪಾಯ.

ಪಾಸಿಟಿವ್ ತಂತಿಯ ಹಾದಿಯಲ್ಲಿ, ಬ್ಯಾಟರಿಗೆ ತೀರ ಹತ್ತಿರ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಬ್ರೇಕರ್ ಅಥವಾ ಫ್ಯೂಸ್ ಇರುತ್ತದೆ. ಇಂತಹ ಬ್ರೇಕರುಗಳಲ್ಲಿ ಹಲವು ಬಿಸಿಯಾದಾಗ ತಾವಾಗಿಯೇ ಕಡಿದುಕೊಂಡು ತಣ್ಣಗಾದಾಗ ಮತ್ತೆ ಕೂಡಿಕೊಳ್ಳುವ ಬಗೆಯವು. ಬ್ಯಾಟರಿ ಉಲ್ಟಾ ಇದ್ದಷ್ಟು ಹೊತ್ತು ಅವು ಟಿಕ್ ಟಿಕ್ ಎನ್ನುತ್ತ ಒಂದೇ ಕೆಲಸವನ್ನು ಪುನರಾವರ್ತಿಸಿ ಕೊನೆಗೆ ಕೆಟ್ಟುಹೋಗುವುದೂ ಉಂಟು. ಸಂಪರ್ಕ ಪರೀಕ್ಷೆಯಲ್ಲಿ ಎರಡು ಬದಿಯ ಬೋಲ್ಟುಗಳ ನಡುವೆ ಸದ್ದು ಬಂದರೆ ಬ್ರೇಕರ್ ಬದುಕಿದೆ. ಅಲ್ಲಿಂದ ಒಳಗೆ ಹೋಗಿ ರಿವರ್ಸ್ ಪೋಲಾರಿಟಿ ಫ್ಯೂಸುಗಳನ್ನು ಕಿತ್ತು ಪರೀಕ್ಷಿಸಬೇಕು. ಕಣ್ಣಿಗೆ ಸರಿಯಾಗಿ ಕಂಡ ಫ್ಯೂಸು ಕೂದಲೆಳೆಯಷ್ಟು ಬಿರುಕಿನಿಂದ ಸತ್ತಿರಬಹುದು, ಆದ್ದರಿಂದ ನೋಟಕ್ಕಿಂತ ಮೀಟರಿನ ಮಾತೇ ಪ್ರಮಾಣ. ಹೊಸ ಫ್ಯೂಸು ಹಳೆಯದರಷ್ಟೇ ಆಂಪಿಯರಿನದಾಗಿರಬೇಕು. ದೊಡ್ಡದನ್ನು ಹಾಕಿದರೆ ಮುಂದಿನ ಸಲ ಫ್ಯೂಸಿನ ಬದಲು ಗೋಡೆಯೊಳಗಿನ ತಂತಿ ಕರಗುತ್ತದೆ.

ಈ ಫ್ಯೂಸುಗಳ ವಿಷಯದಲ್ಲಿ ಅನೇಕರನ್ನು ದಾರಿ ತಪ್ಪಿಸುವ ಒಂದು ಲಕ್ಷಣವಿದೆ. ಕಂಬದ 120 ವೋಲ್ಟನ್ನು 12 ವೋಲ್ಟಿನ ನೇರ ವಿದ್ಯುತ್ತಾಗಿ ಬದಲಿಸಿ, ದೀಪಗಳಿಗೆ ಒದಗಿಸುತ್ತಲೇ ಬ್ಯಾಟರಿಯನ್ನೂ ಚಾರ್ಜ್ ಮಾಡುವ ಉಪಕರಣಕ್ಕೆ ಕನ್ವರ್ಟರ್ ಎಂದು ಹೆಸರು. ಅನೇಕ ಫಲಕಗಳಲ್ಲಿ ರಿವರ್ಸ್ ಪೋಲಾರಿಟಿ ಫ್ಯೂಸುಗಳು ಕಾಯುವುದು ಈ ಕನ್ವರ್ಟರನ್ನು ಮಾತ್ರ. ಹಾಗಾಗಿ ಬ್ಯಾಟರಿಯನ್ನು ಸರಿಯಾಗಿ ತಿರುಗಿಸಿದ ಕೂಡಲೇ ದೀಪಗಳು ಬೆಳಗುತ್ತವೆ, ಪಂಪು ಓಡುತ್ತದೆ, ಎಲ್ಲವೂ ಸರಿಹೋಯಿತೆಂಬ ಸಮಾಧಾನ ಮೂಡುತ್ತದೆ. ಆದರೆ ಸುಟ್ಟ ಫ್ಯೂಸುಗಳ ಆಚೆ ಕನ್ವರ್ಟರ್ ಒಂಟಿಯಾಗಿ ಉಳಿದಿರುವುದರಿಂದ ಬ್ಯಾಟರಿ ಚಾರ್ಜೇ ಆಗದೆ, ಒಂದೆರಡು ರಾತ್ರಿ ಕಳೆದ ಮೇಲೆ ವಾಹನ ಪೂರ್ತಿ ಕತ್ತಲಾಗುತ್ತದೆ. ಆಗ ಬ್ಯಾಟರಿಯೇ ಕೆಟ್ಟಿತೆಂದು ತಿಳಿದು ಹೊಸದನ್ನು ಕೊಳ್ಳುವವರೂ ಇದ್ದಾರೆ. ಇದನ್ನು ತಪ್ಪಿಸಲು ಒಂದು ಅಳತೆ ಸಾಕು: ಕಂಬದ ಕೇಬಲ್ ಜೋಡಿಸಿದ ಮೇಲೆ ಬ್ಯಾಟರಿಯ ಟರ್ಮಿನಲ್‌ಗಳಲ್ಲಿ ವೋಲ್ಟೇಜು 13.2ರಿಂದ 14.4ರ ನಡುವೆ ಏರಬೇಕು. ಏರದಿದ್ದು, ಕನ್ವರ್ಟರಿನ ಹೊರತುದಿಯಲ್ಲಿ 13.6ರಷ್ಟು ಕಂಡರೆ ದೋಷ ನಡುವಿನ ಫ್ಯೂಸು, ಬ್ರೇಕರ್ ಅಥವಾ ತಂತಿಯಲ್ಲಿದೆ; ಅಲ್ಲಿಯೂ ಏನೂ ಕಾಣದೆ, ಅದರ 120 ವೋಲ್ಟಿನ ಬ್ರೇಕರ್ ಸರಿಯಿದ್ದರೆ ಕನ್ವರ್ಟರೇ ಹೋಗಿದೆ. ಹೋದರೂ ಇಡೀ ಫಲಕ ಬದಲಿಸಬೇಕಿಲ್ಲ, ಹೆಚ್ಚಿನ ಮಾದರಿಗಳಲ್ಲಿ ಕೆಳಗಿನ ಕನ್ವರ್ಟರ್ ಭಾಗವೊಂದನ್ನೇ ತೆಗೆದು ಹೊಸದನ್ನು ಕೂರಿಸಬಹುದು.

ಹೊಸ ಫ್ಯೂಸು ಹಾಕಿ ಬ್ಯಾಟರಿಯನ್ನು ಸರಿಯಾಗಿಯೇ ಜೋಡಿಸಿದರೂ ಅದು ಮತ್ತೆ ಸುಡುವುದಾದರೆ, ರಕ್ಷಣೆಗಿದ್ದ ಡಯೋಡು ಆ ಹೊಡೆತದಲ್ಲಿ ತಾನೇ ಶಾರ್ಟ್ ಆಗಿದೆ ಅಥವಾ ಯಾವುದೋ ಉಪಕರಣದ ಒಳಗೆ ಶಾರ್ಟ್ ಉಳಿದಿದೆ. ಒಂದರ ಮೇಲೊಂದು ಫ್ಯೂಸು ಸುಡುತ್ತ ಹುಡುಕುವ ಬದಲು ಅನುಭವಿ ಮೆಕ್ಯಾನಿಕ್‌ಗಳು ಬಳಸುವ ಹಳೆಯ ಕ್ರಮ ಮೆಚ್ಚತಕ್ಕದ್ದು. ಕಾರಿನ ಬ್ರೇಕ್ ದೀಪದ 21 ವ್ಯಾಟಿನ ಹಳೆಯ ಮಾದರಿಯ ಬಲ್ಬೊಂದನ್ನು ಬ್ಯಾಟರಿಯ ಪಾಸಿಟಿವ್ ಟರ್ಮಿನಲ್ ಮತ್ತು ವಾಹನದ ಪಾಸಿಟಿವ್ ತಂತಿಯ ನಡುವೆ ಸಾಲಾಗಿ ಜೋಡಿಸಿದರೆ, ಶಾರ್ಟ್ ಇದ್ದರೂ ಎರಡು ಆಂಪಿಯರಿಗಿಂತ ಹೆಚ್ಚು ಹರಿಯಲಾರದು. ಬಲ್ಬು ಪೂರ್ಣ ಪ್ರಕಾಶದಿಂದ ಉರಿದರೆ ಶಾರ್ಟ್ ಇದೆ. ಆಗ ಫಲಕದ ಫ್ಯೂಸುಗಳನ್ನು ಒಂದೊಂದಾಗಿ ಕೀಳುತ್ತ ಹೋದಾಗ, ಯಾವುದನ್ನು ಕಿತ್ತೊಡನೆ ಬೆಳಕು ಕುಗ್ಗುತ್ತದೆಯೋ ಆ ದಾರಿಯಲ್ಲಿ ದೋಷವಿದೆ. ಎಲ್ಲವನ್ನೂ ಕಿತ್ತ ಮೇಲೂ ಬೆಳಕು ಕುಗ್ಗದಿದ್ದರೆ ಕನ್ವರ್ಟರ್ ಅಥವಾ ಮುಖ್ಯ ತಂತಿಯತ್ತ ನೋಡಬೇಕು. ಬಲ್ಬು ಆರಿದ ಅಥವಾ ಮಂಕಾದ ಮೇಲೆ ಮಾತ್ರ ಅದನ್ನು ತೆಗೆದು ತಂತಿಯನ್ನು ನೇರವಾಗಿ ಬಿಗಿಯಬೇಕು, ಮೊದಲು ಪಾಸಿಟಿವ್, ಕೊನೆಗೆ ನೆಗೆಟಿವ್. ನೆಗೆಟಿವ್ ಕೊನೆಯದಾಗಿದ್ದರೆ, ಪಾಸಿಟಿವ್ ಬಿಗಿಯುವಾಗ ಸ್ಪ್ಯಾನರ್ ಚೌಕಟ್ಟಿಗೆ ತಗುಲಿದರೂ ಮಂಡಲ ಪೂರ್ಣವಾಗದೆ ಕಿಡಿ ಹಾರುವುದಿಲ್ಲ.

ವಿದ್ಯುತ್ತು ಫಲಕಕ್ಕೆ ಮರಳಿದ ಮೇಲೆ ಉಪಕರಣಗಳನ್ನು ಒಂದೊಂದಾಗಿ ನೋಡುವ ಸರದಿ. ಫ್ರಿಜ್, ಫರ್ನೇಸ್, ವಾಟರ್ ಹೀಟರ್‌ಗಳ ನಿಯಂತ್ರಣ ಫಲಕಗಳಲ್ಲಿ ಅನೇಕವಕ್ಕೆ ತಮ್ಮದೇ ಆದ ಸಣ್ಣ ಫ್ಯೂಸ್ ಇರುವುದರಿಂದ, ಸಾವಿರಾರು ರೂಪಾಯಿ ಬೆಲೆಯ ಫಲಕವನ್ನು ತರಿಸುವ ಮೊದಲು ಆ ಫ್ಯೂಸನ್ನು ಹುಡುಕುವುದು ಒಳಿತು. ರೇಡಿಯೊಗೆ ಹಿಂಭಾಗದಲ್ಲಿಯೇ ಒಂದು ಇರುತ್ತದೆ. ಬ್ಯಾಟರಿಯಿಂದ ನೇರವಾಗಿ ದಪ್ಪ ತಂತಿ ಎಳೆದ ದೊಡ್ಡ ಇನ್ವರ್ಟರ್ ಇದ್ದರೆ ಅದಕ್ಕೆ ಆಗಿರುವ ಹಾನಿ ಹೆಚ್ಚಾಗಿ ಮನೆಯಲ್ಲಿ ಸರಿಪಡಿಸುವಂತಹುದಲ್ಲ, ಅದರ ಟ್ರಾನ್ಸಿಸ್ಟರುಗಳು ಫ್ಯೂಸಿಗಿಂತ ಮೊದಲೇ ಹೋಗಿರಬಹುದು. ತಪ್ಪು ನಡೆದಾಗ ಎಳೆಯುವ ವಾಹನದ ಪ್ಲಗ್ಗು ಜೋಡಿಸಿದ್ದೇ ಆದರೆ, ಎರಡು ಬ್ಯಾಟರಿಗಳ ಉಲ್ಟಾ ನಿಲುವಿನಿಂದ ನಡುವಿನ ಚಾರ್ಜಿಂಗ್ ತಂತಿಯ ಮೇಲೆ 24 ವೋಲ್ಟಿನಷ್ಟು ವ್ಯತ್ಯಾಸ ಬಿದ್ದು ಟ್ರಕ್ಕಿನ ಬಾನೆಟ್ಟಿನ ಕೆಳಗಿನ ಫ್ಯೂಸೂ ಸುಟ್ಟಿರುತ್ತದೆ.

ಈ ಪಟ್ಟಿಯಲ್ಲಿ ಎರಡು ವಸ್ತುಗಳನ್ನು ಅನುಕೂಲದ ಉಪಕರಣಗಳೊಂದಿಗೆ ಸೇರಿಸಿ ನೋಡಲಾಗದು. ಮೊದಲನೆಯದು ಗ್ಯಾಸ್ ಅಲಾರಾಂ. ಕ್ಯಾಂಪರಿನ ಒಲೆಗೂ ಫರ್ನೇಸಿಗೂ ಬಳಸುವ ಪ್ರೊಪೇನ್ ಅನಿಲ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರವಾದದ್ದು, ಸೋರಿದರೆ ನೆಲಮಟ್ಟದಲ್ಲಿ ಹರಡುತ್ತದೆ. ಅದಕ್ಕಾಗಿಯೇ ಅಲಾರಾಮನ್ನು ನೆಲದ ಬಳಿ ಕೂರಿಸಿರುತ್ತಾರೆ. ಅದು ಮೌನವಾಗಿ ಸತ್ತಿರುವಾಗ ಒಲೆ ಹೊತ್ತುತ್ತದೆ, ಹಾಸಿಗೆ ಬೆಚ್ಚಗಿರುತ್ತದೆ, ಏನೂ ಕೊರತೆ ಕಾಣದು. ಹಸಿರು ದೀಪ ಹೊತ್ತಿರುವುದನ್ನು ನೋಡಿ ಪರೀಕ್ಷಾ ಗುಂಡಿ ಒತ್ತಿ ಸದ್ದು ಕೇಳುವವರೆಗೆ, ಒಳಗೆ ಜನ ಮಲಗಿರುವಾಗ ಗ್ಯಾಸ್ ಸಿಲಿಂಡರಿನ ವಾಲ್ವು ಮುಚ್ಚಿಯೇ ಇರಬೇಕು. ಎರಡನೆಯದು, ಚಲಿಸುವಾಗ ಕ್ಯಾಂಪರ್ ಕೊಕ್ಕೆಯಿಂದ ಕಳಚಿದರೆ ಉಕ್ಕಿನ ಎಳೆಯೊಂದು ಪಿನ್ನನ್ನು ಕಿತ್ತು, ಕ್ಯಾಂಪರಿನದೇ ಬ್ಯಾಟರಿಯಿಂದ ಅದರ ಚಕ್ರಗಳ ವಿದ್ಯುತ್ ಬ್ರೇಕ್ ಹಿಡಿಸುವ ತುರ್ತು ಸ್ವಿಚ್ಚು. ಬ್ರೇಕಿನ ವಿದ್ಯುತ್ಕಾಂತಗಳಿಗೆ ಧ್ರುವದ ಭೇದವಿಲ್ಲವಾದರೂ ಅಲ್ಲಿಗೆ ಹೋಗುವ ತಂತಿಯೋ ಬ್ರೇಕರೋ ಸುಟ್ಟಿದ್ದರೆ ಆ ಹೊತ್ತಿಗೆ ಏನೂ ನಡೆಯದು. ಟ್ರಕ್ಕಿನ ಪ್ಲಗ್ಗನ್ನು ತೆಗೆದು, ಪಿನ್ನನ್ನು ಕಿತ್ತು, ವಾಹನವನ್ನು ತುಸು ಮುಂದೆಳೆದಾಗ ಚಕ್ರಗಳು ಹಿಡಿದು ನಿಲ್ಲುತ್ತವೆಯೇ ಎಂದು ನೋಡಿ, ಬ್ರೇಕಿನ ಸುರುಳಿಗಳು ಬಿಸಿಯಾಗುವ ಮೊದಲೇ ಪಿನ್ನನ್ನು ಮರಳಿ ಸೇರಿಸುವುದು ಕೆಲವೇ ಸೆಕೆಂಡುಗಳ ಪರೀಕ್ಷೆ. ರಸ್ತೆಯಲ್ಲಿ ಎದುರು ಬರುವ ಅಪರಿಚಿತರ ಜೀವವೂ ಇದರ ಮೇಲೆ ನಿಂತಿರುವುದರಿಂದ ಈ ಪರೀಕ್ಷೆ ಮುಗಿಯದೆ ಪ್ರಯಾಣ ಹೊರಡಬಾರದು.

ಬ್ಯಾಟರಿಗೆ ಕ್ಷಣಕಾಲದ ತಪ್ಪು ಜೋಡಣೆಯಿಂದ ಕಾಯಂ ಹಾನಿ ಆಗುವುದು ಅಪರೂಪ. ಪೆಟ್ಟಿಗೆ ಉಬ್ಬಿದ್ದರೆ, ಆಮ್ಲ ಜಿನುಗಿದ್ದರೆ ಅಥವಾ ಟರ್ಮಿನಲ್ ಕರಗಿದ್ದರೆ ಮಾತ್ರ ಅದನ್ನು ಮತ್ತೆ ಬಳಸಲಾಗದು. ಈಗ ಬಳಕೆ ಹೆಚ್ಚುತ್ತಿರುವ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗಳಲ್ಲಿ ಸೆಲ್‌ಗಳನ್ನು ಕಾಯುವ ಎಲೆಕ್ಟ್ರಾನಿಕ್ ಮಂಡಲವೊಂದು ಒಳಗೇ ಇದ್ದು, ವಿಪರೀತ ವಿದ್ಯುತ್ ಹರಿದಾಗ ಹೊರದಾರಿಯನ್ನು ತಾನೇ ಮುಚ್ಚಿಬಿಡುತ್ತದೆ; ಆಗ ಟರ್ಮಿನಲ್‌ಗಳಲ್ಲಿ ಸೊನ್ನೆಯ ಆಸುಪಾಸು ವೋಲ್ಟೇಜ್ ಕಂಡರೂ ಬ್ಯಾಟರಿ ಸತ್ತಿದೆಯೆಂದು ತಿಳಿಯಬೇಕಿಲ್ಲ, ತಂತಿಗಳನ್ನು ಬಿಚ್ಚಿಟ್ಟರೆ ಅಥವಾ ಲಿಥಿಯಂಗೆ ಹೊಂದುವ ಚಾರ್ಜರ್ ಜೋಡಿಸಿದರೆ ಅದು ಅನೇಕ ವೇಳೆ ಮತ್ತೆ ಎಚ್ಚರಗೊಳ್ಳುತ್ತದೆ. ಎಲ್ಲ ಮುಗಿದ ಮೇಲೆ ಪಾಸಿಟಿವ್ ತಂತಿಯ ತುದಿಗೆ ಕೆಂಪು ಟೇಪನ್ನು ದಪ್ಪಗೆ ಸುತ್ತಿ, ಪಾಸಿಟಿವ್ ಕಡ್ಡಿ ಹೆಚ್ಚು ದಪ್ಪಗಿರುವ ಬ್ಯಾಟರಿಗಳಲ್ಲಿ ಆ ತಂತಿಯ ಉಂಗುರವನ್ನು ಆ ಕಡ್ಡಿಗೆ ಹೊಂದುವ ಅಳತೆಗೂ ನೆಗೆಟಿವ್‌ನ ಉಂಗುರವನ್ನು ಅದಕ್ಕಿಂತ ಸಣ್ಣ ಅಳತೆಗೂ ಬದಲಿಸಿದರೆ, ಮುಂದಿನ ವಸಂತದಲ್ಲಿ ಯಾರು ಜೋಡಿಸಿದರೂ ನೆಗೆಟಿವ್ ತಂತಿ ಪಾಸಿಟಿವ್ ಕಡ್ಡಿಗೆ ಇಳಿಯುವುದೇ ಇಲ್ಲ.